ಪೂಜೆಗೆ ಬಂದವರು, ಆಮೇಲೆ ಉಳಿದವರು

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿಗಳಲ್ಲಿ ಅಂಟಿಸಿದ್ದ ಕ್ಯೂಆರ್ ಕೋಡಿನ ಹಾಳೆಗಳು ಒಂದೊಂದಾಗಿ ಕಾಣೆಯಾದವು. ಅವುಗಳ ಜಾಗಕ್ಕೆ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ರಟ್ಟಿನ ಬೋರ್ಡು ಬಂತು. ವಾಣಿಜ್ಯ ತೆರಿಗೆ ಇಲಾಖೆ 2021-22ರಿಂದ ಈಚಿನ ಯುಪಿಐ ಜಮೆಗಳನ್ನೆಲ್ಲ ಕೂಡಿಸಿ, ಜಿಎಸ್‌ಟಿ ನೋಂದಣಿ ಮಾಡಿಸದ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸಿನಲ್ಲಿ ಕೇಳಿದ್ದು 29 ಲಕ್ಷ ರೂಪಾಯಿ. ನಾಲ್ಕು ವರ್ಷಗಳಲ್ಲಿ ಅವರ ಖಾತೆಗೆ ಬಂದಿದ್ದ ಹಣ 1.63 ಕೋಟಿ. ತಾಜಾ ತರಕಾರಿಗಾದರೋ ಜಿಎಸ್‌ಟಿಯೇ ಇಲ್ಲ. ಪ್ರತಿಭಟನೆ ನಡೆಯಿತು, ಬಂದ್‌ಗೆ ಕರೆ ಬಂತು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಗಲಾಟೆ ತಣ್ಣಗಾಯಿತು.

ಇಲಾಖೆ ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆ ಆಗ ಸಾಕಷ್ಟು ನಡೆಯಿತು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 1.5 ಕೋಟಿವರೆಗಿನ ವ್ಯಾಪಾರಿ ರಾಜಿ ತೆರಿಗೆ ಪದ್ಧತಿಗೆ ಸೇರಿದರೆ ಶೇಕಡಾ 1ರಷ್ಟು ಕಟ್ಟಿ ನೆಮ್ಮದಿಯಾಗಿರಬಹುದು. ಇವು ಗುಟ್ಟಿನ ಸಂಗತಿಗಳಲ್ಲ. ಆ ಅಂಗಡಿಗಳ ಸುತ್ತ ಸಾಲ ಕೊಟ್ಟವರಿದ್ದರು, ಮಾಲು ಹಾಕುವವರಿದ್ದರು, ದಿನಾ ಬರುವ ಗಿರಾಕಿಗಳಿದ್ದರು. ವರ್ಷದ ಜಮೆಯನ್ನು ಒಮ್ಮೆ ಕೂಡಿಸಿ ನೋಡಿ, ‘ಅಣ್ಣ, ಗೆರೆ ಹತ್ತಿರ ಬರ್ತಿದೀರಿ’ ಎನ್ನುವವರು ಯಾಕೆ ಒಬ್ಬರೂ ಇರಲಿಲ್ಲ?

ಹೊಸ ವ್ಯಾಪಾರ ಎಂದರೆ ನಮ್ಮಲ್ಲಿ ಮಾತೆಲ್ಲ ಬಂಡವಾಳದ ಸುತ್ತಲೇ. ಸರ್ಕಾರವೂ ಅದನ್ನೇ ಕೇಳಿಸಿಕೊಂಡಿದೆ. 2015ರಲ್ಲಿ ಶುರುವಾದ ಮುದ್ರಾ ಯೋಜನೆಯಲ್ಲಿ ಶಿಶು ಸಾಲ 50,000, ಕಿಶೋರ 5 ಲಕ್ಷ, ತರುಣ 10 ಲಕ್ಷ. 2024ರಲ್ಲಿ ಯೋಜನೆಯ ಗರಿಷ್ಠ ಮಿತಿ 20 ಲಕ್ಷಕ್ಕೆ ಏರಿತು. 2016ರಲ್ಲಿ ಬಂದ ಸ್ಟ್ಯಾಂಡ್ ಅಪ್ ಇಂಡಿಯಾ ಪ್ರತಿ ಬ್ಯಾಂಕ್ ಶಾಖೆಯೂ ಕನಿಷ್ಠ ಒಬ್ಬ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ, ಒಬ್ಬ ಮಹಿಳೆಗೆ 10 ಲಕ್ಷದಿಂದ 1 ಕೋಟಿವರೆಗೆ ಸಾಲ ಕೊಡಬೇಕೆಂದಿತು. ಹಣದ ದಾರಿ ಅಗಲವಾಗಿದೆ, ಒಪ್ಪೋಣ. ಆ ಹಣ ಕೈಗೆ ಬಂದ ಮಾರನೆಯ ದಿನ ಪಕ್ಕದಲ್ಲಿ ಯಾರು ಕೂರುತ್ತಾರೆ ಎನ್ನುವುದನ್ನು ಮಾತ್ರ ಈ ಸಾಲ ಯೋಜನೆಗಳು ಗಟ್ಟಿಯಾಗಿ ಕೇಳಿಲ್ಲ.

ಹಿಂದೆ ಈ ಜಾಗವನ್ನು ತುಂಬುತ್ತಿದ್ದದ್ದು ಬಂಧುಬಳಗ. ಉಡುಪಿ ಹೋಟೆಲುಗಳ ಚರಿತ್ರೆಯೇ ಅದು. ಊರಿಂದ ಬಂದ ಹುಡುಗ ಮೊದಲು ಕ್ಲೀನರ್, ಆಮೇಲೆ ಸಪ್ಲೈಯರ್, ಅಡುಗೆಮನೆ, ಕೊನೆಗೆ ಗಲ್ಲಾ. ಗಲ್ಲಾದಲ್ಲಿ ಕೂರುವ ಹೊತ್ತಿಗೆ ಯಾವ ಕಾಫಿಪುಡಿಯವನು ಉದ್ರಿ ಕೊಡುತ್ತಾನೆ, ಮಳೆಗಾಲದಲ್ಲಿ ತೆಂಗಿನಕಾಯಿ ದರ ಎಲ್ಲಿ ಹೋಗಿ ನಿಲ್ಲುತ್ತದೆ, ಹೆಲ್ತ್ ಇನ್‌ಸ್ಪೆಕ್ಟರ್ ಬಂದರೆ ಏನು ಮಾತಾಡಬೇಕು ಎಲ್ಲವೂ ತಿಳಿದಿರುತ್ತಿತ್ತು. ಸ್ವಂತ ಹೋಟೆಲು ಹಾಕುವಾಗ ಮಾವನೋ ದೊಡ್ಡಪ್ಪನೋ ಜಾಮೀನು ನಿಲ್ಲುತ್ತಿದ್ದರು. ಹಳೆಯ ಧಣಿಯೇ ಅಡುಗೆಭಟ್ಟರೊಬ್ಬರನ್ನು ಕಳಿಸಿಕೊಡುತ್ತಿದ್ದುದೂ ಉಂಟು. 1924ರಲ್ಲಿ ಮಯ್ಯ ಸಹೋದರರು ಬೆಂಗಳೂರಿನಲ್ಲಿ ಆರಂಭಿಸಿ ಮುಂದೆ ಎಂಟಿಆರ್ ಆದ ಹೋಟೆಲಿನ ಹಿಂದೆಯೂ, ಅಡುಗೆಮನೆಯ ದುಡಿಮೆಯಿಂದ ಮೇಲೆದ್ದ ಕೆ. ಕೃಷ್ಣರಾಯರು ಮದರಾಸಿನಲ್ಲಿ ಕಟ್ಟಿದ ವುಡ್‌ಲ್ಯಾಂಡ್ಸ್ ಹಿಂದೆಯೂ ಕರಾವಳಿಯ ಈ ಬಳಗ ಇತ್ತು.

ಅದೇ ಉಡುಪಿಯಲ್ಲಿ 1925ರಲ್ಲಿ ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಒಂದು ಸಂಸ್ಥೆ ಕಟ್ಟಿದರು. ಕೈಮಗ್ಗದ ಉದ್ಯಮ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದ ಕಾಲ. ಉಪೇಂದ್ರ ಪೈ ವ್ಯಾಪಾರಿ, ವಾಮನ ಕುಡ್ವ ಎಂಜಿನಿಯರ್, ಟಿ.ಎಂ.ಎ. ಪೈ ವೈದ್ಯರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ. ಮೂವರೂ ವ್ಯಾಪಾರಿಗಳೇ ಆಗಿದ್ದರೆ ಇದು ಇನ್ನೊಂದು ಲೇವಾದೇವಿ ಮಳಿಗೆಯಾಗಿ ಉಳಿಯುತ್ತಿತ್ತೇನೋ ಎಂಬ ಅನುಮಾನ ನನಗಿದೆ. 1928ರಲ್ಲಿ ಅವರು ತಂದ ಪಿಗ್ಮಿ ಠೇವಣಿಯನ್ನು ಉಳಿತಾಯದ ಯೋಜನೆ ಎಂದಷ್ಟೇ ಹೊಗಳುತ್ತೇವೆ. ದಿನಕ್ಕೆ ಎರಡಾಣೆ ವಸೂಲಿಗೆ ಬಾಗಿಲಿಗೆ ಬರುತ್ತಿದ್ದ ಪಿಗ್ಮಿ ಏಜೆಂಟ್ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದ. ಯಾವ ಅಂಗಡಿಯಲ್ಲಿ ಬೋಣಿ ತಡವಾಗುತ್ತಿದೆ, ಯಾವ ಮನೆಯಲ್ಲಿ ಎರಡಾಣೆಗೂ ‘ನಾಳೆ ಬನ್ನಿ’ ಎನ್ನುತ್ತಿದ್ದಾರೆ ಎನ್ನುವುದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವನಿಗೇ. ವ್ಯಾಪಾರ ಕುಂಟುವುದನ್ನು ದಿನದ ಲೆಕ್ಕದಲ್ಲಿ ಕಂಡುಕೊಳ್ಳಬಲ್ಲ ಮನುಷ್ಯ ಅವನು.

ಬಂಧುಬಳಗದ ಈ ಏರ್ಪಾಡನ್ನು ಹಾಡಿ ಹೊಗಳುವ ಮೊದಲು ಒಂದು ಮಾತು. ಅದು ಹುಟ್ಟಿನಿಂದ ಬರುವ ಆಸ್ತಿ. ಯಾರ ಮಾವ, ದೊಡ್ಡಪ್ಪ ಗಲ್ಲಾದ ಹಿಂದೆ ಕೂತಿದ್ದರೋ ಅವರಿಗೆ ಸಿಕ್ಕಿತು. ಕೂಲಿಯಿಂದ, ಹೊಲದಿಂದ, ಪೌರಕಾರ್ಮಿಕರ ಮನೆಯಿಂದ ಬಂದು ಮೊದಲ ತಲೆಮಾರಿನಲ್ಲಿ ಅಂಗಡಿ ತೆರೆದವರಿಗೆ ಸಿಗಲಿಲ್ಲ. ಇಬ್ಬರಿಗೂ ಬ್ಯಾಂಕು ಒಂದೇ ಮೊತ್ತ, ಒಂದೇ ಬಡ್ಡಿಯಲ್ಲಿ ಸಾಲ ಕೊಟ್ಟರೂ ಅವರ ವ್ಯಾಪಾರ ಒಂದೇ ಜಾಗದಿಂದ ಹೊರಡುವುದಿಲ್ಲ. ಮೊದಲ ಬಾರಿಗೆ ಮಾಲು ಕೆಟ್ಟಾಗ, ಮೊದಲ ದೊಡ್ಡ ಗಿರಾಕಿ ಕೈಕೊಟ್ಟಾಗ ಒಬ್ಬರಿಗೆ ಫೋನ್ ಮಾಡಲು ಹತ್ತು ನಂಬರಿರುತ್ತವೆ. ಇನ್ನೊಬ್ಬರಿಗೆ ಇರುವುದು ಕಂತು ಕೇಳುವ ನಂಬರು ಮಾತ್ರ. ಹಾಗಾಗಿ ಸಹಾಯಕ್ಕೆ ನಿಲ್ಲುವ ತಂಡ ಎನ್ನುವುದು ದೊಡ್ಡ ಕಂಪನಿಗಳ ಶೋಕಿಯಲ್ಲ. ಬಳಗ ಇಲ್ಲದವರು ಕಟ್ಟಿಕೊಳ್ಳಲೇಬೇಕಾದ ಬಳಗ.

ಅದನ್ನು ಕಟ್ಟುವಾಗ ಎಲ್ಲರಿಗೂ ಮೊದಲು ನೆನಪಾಗುವುದು ಪಾಲುದಾರ. ಇನ್ಫೋಸಿಸ್‌ನ ಕಥೆಯನ್ನು ಏಳು ಜನ ಗೆಳೆಯರ ಕಥೆ ಎಂದು ಹೇಳುವುದು ರೂಢಿ. ಅದಕ್ಕೂ ಮುಂಚೆ ನಾರಾಯಣಮೂರ್ತಿಯವರು ಸಾಫ್ಟ್ರಾನಿಕ್ಸ್ ಎಂಬ ಕಂಪನಿ ಶುರುಮಾಡಿ ಕೈಬಿಟ್ಟಿದ್ದರು ಎನ್ನುವುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. 1981ರಲ್ಲಿ ಪುಣೆಯಲ್ಲಿ ಏಳು ಜನ ಸೇರಿದರು. 1989ರಲ್ಲಿ ಒಬ್ಬರು ಹೊರಬಂದರು. 1990ರಲ್ಲಿ ಕಂಪನಿಯನ್ನು 10 ಲಕ್ಷ ಡಾಲರಿಗೆ ಕೊಳ್ಳಲು ಒಬ್ಬರು ಮುಂದೆ ಬಂದಾಗ ಉಳಿದವರಲ್ಲೂ ಮಾರಿಬಿಡೋಣ ಎನ್ನುವ ಮಾತು ಬಂತು. ನಿಮ್ಮೆಲ್ಲರ ಪಾಲನ್ನು ನಾನೇ ಕೊಂಡುಕೊಳ್ಳುತ್ತೇನೆ ಎಂದು ತಾನು ಹೇಳಿದ ಮೇಲೆ ಎಲ್ಲರೂ ಉಳಿದರು ಎಂದು ಮೂರ್ತಿಯವರೇ ಭಾಷಣವೊಂದರಲ್ಲಿ ಹೇಳಿಕೊಂಡಿದ್ದಾರೆ. ಒಂಬತ್ತು ವರ್ಷ ಒಟ್ಟಿಗೆ ದುಡಿದವರ ನಡುವೆಯೂ ಇಂಥ ದಿನ ಬರುತ್ತದೆ. ಹಾಗಿರುವಾಗ ನಮ್ಮೂರಿನಲ್ಲಿ ‘ನಮ್ಮ ನಡುವೆ ಕಾಗದ ಯಾಕೆ’ ಎಂದು ಕೈಕುಲುಕಿ ಶುರುಮಾಡುವ ಜೋಡಿಗಳ ಗತಿ ಏನು?

1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಸ್ವಂತ ಆಸ್ತಿಯವರೆಗೆ ಹೊಣೆ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ, ತನಗೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಕರಾರಿನ ಆಧಾರದಲ್ಲಿ ದಾವೆ ಹೂಡುವಂತೆಯೂ ಇಲ್ಲ. ಹೊಣೆಗೆ ಮಿತಿ ಬೇಕೆನ್ನುವವರಿಗೆ 2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯ್ದೆ ಇದೆ, ಒಬ್ಬರೇ ಇದ್ದರೂ 2013ರ ಕಾಯ್ದೆಯಡಿ ಏಕವ್ಯಕ್ತಿ ಕಂಪನಿ ಮಾಡಬಹುದು. ವಕೀಲರ ಕೆಲಸ ಶುರುವಿನಲ್ಲಿ ಇಷ್ಟೇ: ಕರಾರು ಪತ್ರ, ಬಾಡಿಗೆ ಪತ್ರ, ಪಾಲುದಾರ ಹೊರಹೋಗುವಾಗ ಅವನ ಪಾಲಿಗೆ ಬೆಲೆ ಕಟ್ಟುವ ರೀತಿ. ಒಂದೆರಡು ಭೇಟಿಯಲ್ಲಿ ಮುಗಿಯುವ ಕೆಲಸ. ಜಗಳವಾದ ಮೇಲೆ ಹೋದರೆ ಮುಗಿಯುವುದಿಲ್ಲ.

ಪಾಲುದಾರರ ಬಗ್ಗೆ ಬರೆಯುವವರು ಮನೆಯವರ ಬಗ್ಗೆ ಬರೆಯುವುದಿಲ್ಲ. ಇನ್ಫೋಸಿಸ್ ಶುರುವಾಗಲು ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ ಈಗ ಐತಿಹ್ಯವೇ ಆಗಿಬಿಟ್ಟಿದೆ. ಆ ವರ್ಷಗಳಲ್ಲಿ ಅವರು ನೌಕರಿಯಲ್ಲಿದ್ದರು, ಮನೆಗೆ ತಿಂಗಳ ಸಂಬಳ ಬರುತ್ತಿತ್ತು. ನನ್ನ ಲೆಕ್ಕದಲ್ಲಿ ಆ ಸಂಬಳ 10,000ಕ್ಕಿಂತ ದೊಡ್ಡ ಬಂಡವಾಳ. ಮನೆಯ ಅಕ್ಕಿಬೇಳೆ ವ್ಯಾಪಾರದ ಗಲ್ಲಾದಿಂದಲೇ ಬರಬೇಕಾದಾಗ ಮಾಲು ಕೊಳ್ಳುವ ದುಡ್ಡು ಮೊದಲ ಕೆಲವೇ ತಿಂಗಳಲ್ಲಿ ಕರಗುತ್ತದೆ. ಸಣ್ಣ ಅಂಗಡಿಗಳು ಮುಚ್ಚುವುದಕ್ಕೆ ಎಷ್ಟೋ ಸಲ ಇದೇ ಕಾರಣ: ವ್ಯಾಪಾರ ಚೆನ್ನಾಗಿಯೇ ಇರುತ್ತದೆ, ಆದರೆ ಮನೆಯ ಖರ್ಚಿಗೂ ಅಂಗಡಿಯ ಹಣಕ್ಕೂ ನಡುವೆ ಗೋಡೆ ಇರುವುದಿಲ್ಲ. ಇನ್ನು ಮಧ್ಯಾಹ್ನ ಅಂಗಡಿ ನೋಡಿಕೊಳ್ಳುವ ಹೆಂಡತಿ, ಕಾಲೇಜು ಮುಗಿಸಿ ಬಂದು ಡೆಲಿವರಿಗೆ ಹೋಗುವ ಮಗ, ಇವರ ದುಡಿಮೆಗೆ ಯಾವ ಪುಸ್ತಕದಲ್ಲೂ ಒಂದು ಸಾಲಿಲ್ಲ. ಲಾಭ ಬಂದಿದೆ ಎಂದು ಖುಷಿಪಡುವ ಎಷ್ಟೋ ಅಂಗಡಿಗಳಲ್ಲಿ ಇವರಿಗೆ ಸಂಬಳ ಹಾಕಿ ನೋಡಿದರೆ ಲಾಭ ಉಳಿಯುವುದಿಲ್ಲ. ಸಬ್ಸಿಡಿ ಸಾಲದ ಕಾಗದದಲ್ಲಿ ಮಾತ್ರ ಹೆಂಡತಿಯ ಹೆಸರು ಮೊದಲು ಬರುತ್ತದೆ.

ಹೆಣ್ಣುಮಗಳೇ ಒಡತಿಯಾದಾಗ ಈ ಸುತ್ತು ಇನ್ನೂ ಕಿರಿದು. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿಯಿಂದ ಬಯೋಕಾನ್ ಆರಂಭಿಸಿದಾಗ ಅವರಿಗೆ 25 ವರ್ಷ. ಬ್ರೂಯಿಂಗ್ ಕಲಿತ ಯುವತಿ ಕಿಣ್ವ ತಯಾರಿಸುತ್ತೇನೆ ಎಂದರೆ ಬ್ಯಾಂಕುಗಳು ಸಾಲ ಕೊಡಲು ಹಿಂಜರಿದವು, ಕೆಲಸಕ್ಕೆ ಬರಲೂ ಜನ ಅನುಮಾನಿಸಿದರು. ತಂತ್ರಜ್ಞಾನವೂ ಮಾರುಕಟ್ಟೆಯೂ ಐರ್ಲೆಂಡಿನ ಪಾಲುದಾರ ಕಂಪನಿಯಿಂದ ಬಂದವು. ಎಲ್ಲರಿಗೂ ಐರ್ಲೆಂಡಿನ ಪಾಲುದಾರ ಸಿಗುವುದಿಲ್ಲವಲ್ಲ. 1983ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ ‘ಅವೇಕ್’ ಹಿಡಿದ ದಾರಿ ಆ ಕಾರಣಕ್ಕೇ ಗಮನಿಸುವಂಥದ್ದು. ಆಗಲೇ ಉದ್ಯಮ ನಡೆಸುತ್ತಿರುವ ಹೆಂಗಸು ಹೊಸದಾಗಿ ಬಂದವಳ ಎದುರು ಕೂತು ಮಾತಾಡುವುದು. ಅಧಿಕಾರಿ ಅರ್ಜಿ ನೋಡುತ್ತಾನೆ. ಅವಳು ‘ಮನೆಯಲ್ಲಿ ಒಪ್ಪಿದ್ದಾರಾ, ಮಗು ಯಾರ ಹತ್ತಿರ ಇರುತ್ತೆ’ ಎಂದು ಮೊದಲು ಕೇಳುತ್ತಾಳೆ.

ಆಡಿಟರ್ ವಿಷಯಕ್ಕೆ ಬರೋಣ. ನಮ್ಮ ಊರುಗಳಲ್ಲಿ ಈ ಹೆಸರಿನಡಿ ಹಲವರಿದ್ದಾರೆ. ಓದಿ ಪಾಸಾದ ಚಾರ್ಟರ್ಡ್ ಅಕೌಂಟೆಂಟ್, ತೆರಿಗೆ ಸಲಹೆಗಾರ, ರಿಟರ್ನ್ ಸಲ್ಲಿಸಿಕೊಡುವ ಕಂಪ್ಯೂಟರ್ ಸೆಂಟರಿನವನು, ಎಲ್ಲರೂ ಆಡಿಟರೇ. ಹೊಸಬರಿಗೆ ವ್ಯತ್ಯಾಸ ಗೊತ್ತಾಗುವುದು ನೋಟಿಸು ಬಂದಾಗ. ಅವರನ್ನು ಕಾಣುವುದೂ ವರ್ಷಕ್ಕೊಮ್ಮೆ, ರಿಟರ್ನಿನ ಗಡುವಿನ ಹಿಂದಿನ ದಿನ, ಚೀಲದ ತುಂಬ ಬಿಲ್ಲು ಹೊತ್ತುಕೊಂಡು. ಆಗ ಆಡಿಟರ್ ಮಾಡಬಹುದಾದದ್ದು ಆಗಿಹೋದ ವರ್ಷದ ಪಂಚನಾಮೆ. ಹೊಸ ವ್ಯಾಪಾರಕ್ಕೆ ಬೇಕಾದವರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವವರು. ಅದಕ್ಕೆ ಕೊಡುವ ಫೀಸು ಒಬ್ಬ ಹುಡುಗನ ಸಂಬಳಕ್ಕಿಂತ ಕಡಿಮೆಯೇ ಆಗುತ್ತದೆ. ಬೋರ್ಡಿಗೆ, ಗಾಜಿನ ಶೋಕೇಸಿಗೆ, ಉದ್ಘಾಟನೆಯ ಪೆಂಡಾಲಿಗೆ ಚೌಕಾಸಿ ಮಾಡದವರು ಇಲ್ಲಿ ಕೈ ಬಿಗಿಹಿಡಿಯುತ್ತಾರೆ.

ಒಳ್ಳೆಯ ಆಡಿಟರ್ ಏನು ಹೇಳಬಲ್ಲರು? ಒಂದು ಉದಾಹರಣೆ ಸಾಕು. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮದಿಂದ ಮಾಲು ಕೊಂಡವನು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ಕಾಯ್ದೆಯ ತಿದ್ದುಪಡಿ ಇದಕ್ಕೆ ಹಲ್ಲು ಕೊಟ್ಟಿತು: ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು, ಕೊಡುವವರೆಗೆ, ಕೊಂಡವನು ತನ್ನ ಖರ್ಚೆಂದು ತೋರಿಸಿ ತೆರಿಗೆ ಉಳಿಸುವಂತಿಲ್ಲ. ಈ ರಕ್ಷಣೆ ಸಿಗಬೇಕಾದರೆ ಉದ್ಯಮ್ ನೋಂದಣಿ ಬೇಕು. ತಯಾರಕರಿಗೆ, ಸೇವೆ ಕೊಡುವವರಿಗೆ ಮಾತ್ರ ಈ ರಕ್ಷಣೆ ಅನ್ವಯ. ಕೊಂಡು ಮಾರುವ ವ್ಯಾಪಾರಿಯ ಉದ್ಯಮ್ ನೋಂದಣಿ ಆದ್ಯತಾ ವಲಯದ ಸಾಲಕ್ಕಷ್ಟೇ ಉಪಯೋಗ. ಪೀಣ್ಯದಲ್ಲಿ ಬಿಡಿಭಾಗ ಮಾಡಿ ದೊಡ್ಡ ಕಂಪನಿಗೆ ಕೊಟ್ಟು ಹಣಕ್ಕೆ ಕಾದು ಕೂತ ಶೆಡ್ಡಿನವರಿಗೆ ಈ ಮಾಹಿತಿ ಬ್ಯಾಂಕಿನ ಓವರ್‌ಡ್ರಾಫ್ಟ್‌ಗಿಂತ ಬೆಲೆಯುಳ್ಳದ್ದು. ಅಂದಹಾಗೆ ಉದ್ಯಮ್ ನೋಂದಣಿ ಸರ್ಕಾರಿ ಪೋರ್ಟಲಿನಲ್ಲಿ ಪೂರ್ತಿ ಉಚಿತ. ಅದಕ್ಕೆ ‘ಗವರ್ನಮೆಂಟ್ ಫೀಸ್’ ಎಂದು ದುಡ್ಡು ಕೇಳುವವರನ್ನು ನಿಮ್ಮ ತಂಡದಲ್ಲಿ ಇಟ್ಟುಕೊಳ್ಳಬೇಡಿ.

ಆಡಿಟರ್ ಬರೆದುಕೊಡುವ ಪ್ರಾಜೆಕ್ಟ್ ರಿಪೋರ್ಟ್ ಮಾತ್ರ ನನ್ನಲ್ಲಿ ಸದಾ ಅನುಮಾನ ಹುಟ್ಟಿಸುತ್ತದೆ. ಹಪ್ಪಳದ ಘಟಕವಾಗಲಿ, ಹಾಲೋಬ್ಲಾಕ್ ಆಗಲಿ, ಐದು ವರ್ಷದ ಲಾಭ ಒಂದೇ ಅಳತೆಯಲ್ಲಿ ಮೆಟ್ಟಿಲು ಹತ್ತಿರುತ್ತದೆ. ಅದು ಬ್ಯಾಂಕಿಗೆಂದು ಬರೆದದ್ದು. ಬರೆಸಿದವನೇ ಅದನ್ನು ನಂಬಿಬಿಟ್ಟರೆ ಕಷ್ಟ. ತನಗಾಗಿ ಇನ್ನೊಂದು ಹಾಳೆ ಬೇಕು: ಅರ್ಧದಷ್ಟೇ ಮಾರಾಟವಾದರೆ ಎಷ್ಟು ತಿಂಗಳು ಬಾಗಿಲು ತೆರೆದಿರಬಹುದು?

ಮಾಲು ಕೊಡುವ ಹೋಲ್‌ಸೇಲಿನವರೂ ಗುರುಗಳೇ. ಯಾವುದು ಓಡುತ್ತದೆ, ಎದುರಿನ ಅಂಗಡಿಯಲ್ಲಿ ಏನು ದರ, ಹಬ್ಬಕ್ಕೆ ಎಷ್ಟು ಮುಂಚೆ ಮಾಲು ತರಿಸಬೇಕು ಎನ್ನುವುದು ಅವರ ಬಾಯಲ್ಲಿರುತ್ತದೆ. ಉದ್ರಿಯನ್ನೂ ಕೊಡುತ್ತಾರೆ. ಉದ್ರಿ ಕೊಟ್ಟವರು ತಮ್ಮ ಗೋದಾಮಿನಲ್ಲಿ ಕೂತ ಮಾಲನ್ನೂ ಜೊತೆಗೆ ತಳ್ಳುತ್ತಾರೆ ಎನ್ನುವುದನ್ನು ಮರೆಯಬಾರದು. ಬ್ಯಾಂಕ್ ಮ್ಯಾನೇಜರಿಗೆ ಗುರಿ ಮುಟ್ಟಿಸಬೇಕು, ಆಡಿಟರಿಗೆ ಫೀಸು ಬರಬೇಕು, ಮಾವನಿಗೆ ತನ್ನ ಮಗನಿಗೊಂದು ಕೆಲಸ ಬೇಕು. ಎಲ್ಲರ ಸಲಹೆಯ ಹಿಂದೆಯೂ ಒಂದು ಹಿತ ಇರುತ್ತದೆ. ಅದರಲ್ಲಿ ತಪ್ಪಿಲ್ಲ, ಯಾವುದು ಎಂದು ಗೊತ್ತಿದ್ದರಾಯಿತು. ಹಿತ ಕಡಿಮೆ, ಅನುಭವ ಹೆಚ್ಚು ಇರುವವರು ಸಿಗುವುದು ಅದೇ ಕಸುಬಿನ ಹಿರಿಯರಲ್ಲಿ, ಸಾಧ್ಯವಾದರೆ ಬೇರೆ ಊರಿನವರಲ್ಲಿ. ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳಲ್ಲಿ ಕೈ ಪಳಗಿಸಿಕೊಂಡು ಹೊರಬಂದು ಶೆಡ್ಡು ಹಾಕಿದ ತಲೆಮಾರು ಬೆಂಗಳೂರಿನ ಸಣ್ಣ ಕೈಗಾರಿಕೆಯನ್ನು ಕಟ್ಟಿತು. ಅವರ ನಡುವಿನ ಕೊಡುಕೊಳೆಯೇ ಒಂದು ಸಂಸ್ಥೆ: ಇವರಲ್ಲಿ ಲೇತ್ ಕೆಟ್ಟರೆ ಅವರಲ್ಲಿ ಕೆಲಸ ಮಾಡಿಸುವುದು, ದೊಡ್ಡ ಆರ್ಡರ್ ಬಂದರೆ ಹಂಚಿಕೊಳ್ಳುವುದು. 1949ರಿಂದ ಇರುವ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾದಂಥ ಕಡೆ ಸದಸ್ಯರಾಗುವುದಕ್ಕೆ ಇದೊಂದೇ ಕಾರಣ ಸಾಕು.

ಮೊದಲ ಕೆಲಸಗಾರನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವನು ಕಸುಬು ಕಲಿತು ಎದುರಿಗೇ ಅಂಗಡಿ ಹಾಕಬಹುದು. ಹೋಟೆಲಿನವರು ಅದನ್ನು ಸಹಜವೆಂದೇ ತಿಳಿಯುತ್ತಾರೆ. ಉಳಿಸಿಕೊಳ್ಳುವ ಮನಸ್ಸಿದ್ದರೆ ಮಾಲೀಕನ ಕಡೆಯಿಂದ ಏನು ಸಾಧ್ಯ ಎನ್ನುವುದಕ್ಕೆ ಎಂಟಿಆರ್ ಸಾಕ್ಷಿ. ತುರ್ತುಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ನಿಗದಿ ಮಾಡಿದ ದರದಲ್ಲಿ ತಿಂಡಿ ಕೊಡಲಾಗದೆ ಹೋಟೆಲು ನಿಂತಾಗ, ಕೆಲಸದವರನ್ನು ಮನೆಗೆ ಕಳಿಸುವ ಬದಲು ದಿಢೀರ್ ಮಿಕ್ಸ್ ತಯಾರಿಗೆ ಹಚ್ಚಿದರು. ಮುಂದೆ ಹೋಟೆಲಿಗಿಂತ ದೊಡ್ಡ ಉದ್ಯಮ ಬೆಳೆದದ್ದು ಆ ಪೊಟ್ಟಣಗಳಿಂದ.

ಬಳಗ ಇಲ್ಲದವರಿಗೆ ಬಳಗ ಕೊಡಲು ಸಂಸ್ಥೆಗಳು ಪ್ರಯತ್ನಪಟ್ಟಿಲ್ಲ ಎಂದಲ್ಲ. 1959ರಿಂದ ರಾಜ್ಯ ಹಣಕಾಸು ಸಂಸ್ಥೆ, 1978ರಿಂದ ಜಿಲ್ಲಾ ಕೈಗಾರಿಕಾ ಕೇಂದ್ರಗಳು, ಧಾರವಾಡದಲ್ಲಿ ಉದ್ಯಮಶೀಲತಾ ಕೇಂದ್ರ ಸಿಡಾಕ್, ನವೋದ್ಯಮಗಳಿಗೆ ಬೆಂಗಳೂರು ಐಐಎಂನ ಎನ್‌ಎಸ್‌ಆರ್‌ಸಿಇಎಲ್, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಪ್ರತಿಷ್ಠಾನದ ಕೇಂದ್ರ. ಇಂಥ ಪ್ರಯತ್ನಗಳಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು ಹವಾನಿಯಂತ್ರಿತ ಕಟ್ಟಡಗಳದ್ದಲ್ಲ, ಉಜಿರೆಯದ್ದು. 1982ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ಹಳ್ಳಿಯ ಯುವಕರಿಗೆ ಊಟ, ವಸತಿ ಸಹಿತ ಉಚಿತವಾಗಿ ಕಸುಬು ಕಲಿಸಿತು. ಕೇಂದ್ರ ಸರ್ಕಾರ ಮುಂದೆ ಇದೇ ಮಾದರಿಯಲ್ಲಿ ದೇಶದ ಜಿಲ್ಲೆ ಜಿಲ್ಲೆಗೂ ಆರ್‌ಸೆಟಿಗಳನ್ನು ತೆರೆಯಿತು. ಆ ಮಾದರಿಯ ಜೀವ ಇರುವುದು ತರಬೇತಿಯಲ್ಲಿ ಅಲ್ಲ, ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಯ ಬೆನ್ನಿಗಿರಬೇಕು ಎಂಬ ನಿಯಮದಲ್ಲಿ. ಅಂಗಡಿಗೆ ಹೋಗಿ ನೋಡಬೇಕು, ಸಾಲ ಸಿಗದಿದ್ದರೆ ಬ್ಯಾಂಕಿನಲ್ಲಿ ಮಾತಾಡಬೇಕು. ಎಲ್ಲ ಜಿಲ್ಲೆಗಳಲ್ಲೂ ಅದು ಒಂದೇ ಶ್ರದ್ಧೆಯಿಂದ ನಡೆಯುತ್ತದೆ ಎಂದು ನಂಬುವಷ್ಟು ಮುಗ್ಧ ನಾನಲ್ಲ. ಆದರೂ ಕಾಲದ ಲೆಕ್ಕದಲ್ಲಿ ಯೋಚಿಸಿದ ಏರ್ಪಾಡು ಅದು.

ಇದರ ಪಕ್ಕದಲ್ಲಿ 2020ರಲ್ಲಿ ಬಂದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯನ್ನು ಇಟ್ಟು ನೋಡಬಹುದು. ಮಂಡ್ಯದ ಬೆಲ್ಲ, ತುಮಕೂರಿನ ತೆಂಗು, ಕೋಲಾರದ ಟೊಮೆಟೊಗಳನ್ನು ಹಿಡಿದು ಹೊರಟ ಯೋಜನೆ. ಯೋಜನೆಯ ಶೇಕಡಾ 35 ಸಹಾಯಧನಕ್ಕೆ ಕರ್ನಾಟಕ ಹೆಚ್ಚುವರಿಯಾಗಿ ಶೇಕಡಾ 15 ಸೇರಿಸಿತು. ಒಟ್ಟು 15 ಲಕ್ಷದವರೆಗೆ. ಇದರಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂಬ ಒಬ್ಬರಿದ್ದಾರೆ. ಅರ್ಜಿ ಬರೆಯುವುದು, ಯೋಜನಾ ವರದಿ, ಬ್ಯಾಂಕಿನ ಓಡಾಟ, ಎಫ್‌ಎಸ್‌ಎಸ್‌ಎಐ ಪರವಾನಗಿ ಎಲ್ಲದಕ್ಕೂ ಕೈಹಿಡಿದು ನಡೆಸುವವರು. ಸರ್ಕಾರದ ಯೋಜನೆಯೊಂದು ಹಣದ ಜೊತೆಗೆ ಮನುಷ್ಯನನ್ನೂ ಕೊಟ್ಟದ್ದು ದೊಡ್ಡ ಮಾತೇ. ಆದರೆ ಮಾರ್ಗಸೂಚಿಯಲ್ಲಿ ಅವರ ಸಂಭಾವನೆ ನಿಗದಿಯಾದ ರೀತಿ ನೋಡಿ: ಪ್ರತಿ ಫಲಾನುಭವಿಗೆ 20,000 ರೂಪಾಯಿ, ಅರ್ಧ ಬ್ಯಾಂಕ್ ಸಾಲ ಮಂಜೂರಾದಾಗ, ಇನ್ನರ್ಧ ನೋಂದಣಿ, ಪರವಾನಗಿ, ತರಬೇತಿಗಳು ಮುಗಿದಾಗ. ಅಂದರೆ ಗಾಣ ತಿರುಗಲು ಶುರುವಾಗುವ ಹೊತ್ತಿಗೆ ಅವರ ಲೆಕ್ಕ ಚುಕ್ತಾ. ಮೊದಲ ಬ್ಯಾಚಿನ ಬೆಲ್ಲ ಬೂಸಲು ಹಿಡಿದಾಗ, ಸೂಪರ್ ಮಾರ್ಕೆಟಿನವರು ಮೂರು ತಿಂಗಳ ಬಿಲ್ಲು ಬಾಕಿ ಇಟ್ಟಾಗ ಅವರು ಬಂದರೆ ಅದು ಅವರ ಒಳ್ಳೆಯತನ, ಕೆಲಸದ ಭಾಗವಲ್ಲ.

ಹೊಸ ಯೋಜನೆಯೇನೂ ಬೇಕಿಲ್ಲ. ಆ 20,000ದಲ್ಲಿ ಒಂದು ಪಾಲನ್ನು, ಘಟಕ ಹನ್ನೆರಡು ತಿಂಗಳು ನಡೆದು ಅದರ ತಿಂಗಳ ಲೆಕ್ಕವನ್ನು ಒಡತಿಯೊಂದಿಗೆ ಕೂತು ನೋಡಿದ ಮೇಲೆ ಕೊಡುವುದು ಎಂದು ಬದಲಿಸಿದರೆ ಸಾಕು. ಮುದ್ರಾ ಸಾಲ ಕೊಡುವ ಬ್ಯಾಂಕುಗಳೂ ವಿಮೆಯ ಕಂತು ಹಿಡಿಯುವ ಹಾಗೆ ಮೊದಲ ವರ್ಷದ ಲೆಕ್ಕಪತ್ರದ ಫೀಸನ್ನು ಸಾಲದ ಮೊತ್ತದಲ್ಲೇ ಸೇರಿಸಿ, ಅದನ್ನು ನೇರವಾಗಿ ಆಡಿಟರ್ ಖಾತೆಗೆ ತಿಂಗಳು ತಿಂಗಳು ಹಾಕಬಹುದು.